ಎರಡನೆಯ ಪ್ರತಿ

ವರ್ತಕನ ಬಂಡವಾಳ ಯಾವುದು ಎಂದು ಕೇಳಿದರೆ ನಮ್ಮಲ್ಲಿ ಬಹುಮಂದಿ ಅಂಗಡಿಯ ಸರಕನ್ನೂ ಪೆಟ್ಟಿಗೆಯ ಹಣವನ್ನೂ ತೋರಿಸಿಯಾರು. ಹಳೆಯ ಕಾಲದ ವರ್ತಕನು ತೋರಿಸುತ್ತಿದ್ದುದು ಖಾತಾ ಪುಸ್ತಕವನ್ನು. ದೀಪಾವಳಿಯ ದಿನ ಅವನು ಅರಿಸಿನ ಕುಂಕುಮ ಹಚ್ಚಿ ಪೂಜಿಸುತ್ತಿದ್ದುದೂ ಅದನ್ನೇ. ಅವನ ಎಣಿಕೆ ಸರಿಯಾಗಿತ್ತು. ಸರಕು ಸುಟ್ಟುಹೋದರೆ ಸಾಲ ತಂದು ಮತ್ತೆ ತುಂಬಬಹುದು. ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು ಎಂಬ ಬರಹವೇ ಸುಟ್ಟುಹೋದರೆ ಅಂಗಡಿಯ ಗೋಡೆ ನಿಂತಿದ್ದರೂ ಅಂಗಡಿ ಇಲ್ಲ. ವ್ಯಾಪಾರವೆಂಬುದು ಬಹುಮಟ್ಟಿಗೆ ನೆನಪು. ಆ ನೆನಪಿಗೆ ಬರಹವೇ ಮೈ.

ಈ ಬರಹವನ್ನು ಬೆಂಕಿಯಿಂದ, ನೀರಿನಿಂದ, ಕಳ್ಳರಿಂದ ಉಳಿಸಿಕೊಳ್ಳುವುದು ಹೇಗೆ ಎಂಬ ವಿಚಾರ ಈಗ ಒಂದು ಶಾಸ್ತ್ರವೇ ಆಗಿ ಬೆಳೆದಿದೆ. ಕಂಪ್ಯೂಟರಿನವರು ಇದನ್ನು ‘ಬ್ಯಾಕಪ್’ ಎನ್ನುತ್ತಾರೆ. ಅನಾಹುತವಾದ ಮೇಲೆ ಕೆಲಸವನ್ನು ಮತ್ತೆ ನಡೆಯಿಸುವ ಏರ್ಪಾಟಿಗೆ ಬೇರೆ ಹೆಸರಿಟ್ಟಿದ್ದಾರೆ. ಹೆಸರು ಹೊಸದು, ಚಿಂತೆ ಹಳೆಯದು. ಕನ್ನಡ ಪಾಠ ಹೇಳುವ ನನ್ನಂಥವನು ಈ ವಿಷಯಕ್ಕೆ ಕೈಹಾಕುವುದಕ್ಕೆ ಕಾರಣವೂ ಅದೇ. ಹಸ್ತಪ್ರತಿಗಳ ಚರಿತ್ರೆಯನ್ನು ಸ್ವಲ್ಪ ಓದಿದವರಿಗೆ ‘ಪ್ರತಿ’ ಎಂಬ ಮಾತಿನ ತೂಕ ಗೊತ್ತು.

ಹತ್ತನೆಯ ಶತಮಾನದ ಕವಿ ಪೊನ್ನನನ್ನು ನೋಡಿ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನಿಂದ ‘ಉಭಯಕವಿಚಕ್ರವರ್ತಿ’ ಎನ್ನಿಸಿಕೊಂಡವನು. ಅವನ ‘ಶಾಂತಿಪುರಾಣ’ ನಮ್ಮ ಕೈಗೆ ಬಂದಿದೆ, ‘ಭುವನೈಕರಾಮಾಭ್ಯುದಯ’ ಬರಲಿಲ್ಲ. ಎರಡೂ ಓಲೆಗರಿಯ ಮೇಲಿದ್ದವು, ಎರಡಕ್ಕೂ ಗೆದ್ದಲು ಒಂದೇ. ಆದರೆ ಶಾಂತಿಪುರಾಣಕ್ಕೆ ಅತ್ತಿಮಬ್ಬೆ ಇದ್ದಳು. ಆ ಕಾವ್ಯವನ್ನು ಬರೆಯಿಸಿದ ಮಲ್ಲಪನ ಮಗಳು ಆಕೆ. ಅದರ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. 1007ರ ಲಕ್ಕುಂಡಿಯ ಶಾಸನ ಆಕೆಯ ದಾನಗಳನ್ನು ಕೊಂಡಾಡುತ್ತದೆ. ಶಾಂತಿಪುರಾಣ ಉಳಿದದ್ದು ಕೇವಲ ಆ ಸಾವಿರದಿಂದಲೇ ಎಂದು ಆಣೆಯಿಟ್ಟು ಹೇಳಲಾರೆ. ಆದರೂ ಸಾವಿರ ಊರುಗಳಲ್ಲಿರುವ ಗ್ರಂಥವನ್ನು ಒಂದು ಕಿಡಿ ಸುಡಲಾರದು, ಒಂದು ದಂಡು ಕೊಳ್ಳೆಹೊಡೆಯಲಾರದು ಎಂಬುದಂತೂ ನಿಜ. ಆಕೆ ಮಾಡಿದ್ದು ಶಾಸ್ತ್ರದಾನ, ಪುಣ್ಯದ ಕೆಲಸ. ಇಂದಿನ ಕಂಪೆನಿಗಳು ಹೆಚ್ಚಿನ ಸಂಬಳ ಕೊಟ್ಟು ಮಾಡಿಸುತ್ತಿರುವ ಕೆಲಸದ ತಿರುಳೂ ಇದೇ.

ವರ್ತಕನ ಪಾಡು ಬೇರೆ. ಕಾವ್ಯವನ್ನು ಹಂಚಿದರೆ ಕೀರ್ತಿ; ಲೆಕ್ಕವನ್ನು ಹಂಚಿದರೆ ಗುಟ್ಟು ರಟ್ಟು. ಆದ್ದರಿಂದ ಅವನ ಪುಸ್ತಕ ಸದಾ ಒಂದೇ. ನಮ್ಮ ಕಡೆ ಲೆಕ್ಕ ಬರೆಯುತ್ತಿದ್ದ ಕಡತವೂ ಹಾಗೆಯೆ. ಬಟ್ಟೆಗೆ ಹುಣಿಸೆ ಬೀಜದ ಅಂಟನ್ನೂ ಇದ್ದಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಬಹುದೆಂಬುದು ಅದರ ಗುಣ. ಅಳಿಸಿದ್ದು ಮತ್ತೆ ಸಿಕ್ಕದೆಂಬುದು ಅದರ ದೋಷ. ಪಶ್ಚಿಮದಲ್ಲಿ ಉಗಿಯಂತ್ರದ ಜೇಮ್ಸ್ ವಾಟ್ 1780ರಲ್ಲಿ ಒಂದು ಪ್ರತಿಯಂತ್ರಕ್ಕೆ ಹಕ್ಕುಪತ್ರ ಪಡೆದನು. ಬರೆದ ಕಾಗದದ ಮೇಲೆ ತೆಳುವಾದ ಒದ್ದೆ ಕಾಗದವನ್ನು ಒತ್ತಿದರೆ ಅಕ್ಷರ ಅದಕ್ಕೂ ಇಳಿಯುತ್ತಿತ್ತು. 1806ರಲ್ಲಿ ರಾಲ್ಫ್ ವೆಜ್‌ವುಡ್ ಎಂಬಾತನಿಂದ ಕಾರ್ಬನ್ ಕಾಗದ ಬಂತು. ವರ್ತಕನಿಗೆ ಕೊನೆಗೂ ಎರಡನೆಯ ಪ್ರತಿ ಸುಲಭವಾಯಿತು. ಆದರೆ ಆ ಎರಡನೆಯ ಪ್ರತಿಯನ್ನು ಅವನು ಇಟ್ಟದ್ದು ಎಲ್ಲಿ? ಅದೇ ಕಛೇರಿಯಲ್ಲಿ, ಅದೇ ಕಪಾಟಿನಲ್ಲಿ, ಮೊದಲನೆಯ ಪ್ರತಿಯ ಪಕ್ಕದಲ್ಲಿ. ಇದರ ಬೆಲೆಯೆಷ್ಟೆಂದು ತಿಳಿಯುವುದಕ್ಕೆ ಒಂದು ದೊಡ್ಡ ಬೆಂಕಿ ಬೇಕಾಯಿತು.

1871ರ ಅಕ್ಟೋಬರ್ 8ರ ರಾತ್ರಿ ಅಮೆರಿಕದ ಷಿಕಾಗೊ ನಗರಕ್ಕೆ ಬೆಂಕಿ ಬಿತ್ತು. ಒಣಹವೆ, ಮರದ ಮನೆಗಳು, ಜೋರು ಗಾಳಿ. 10ನೆಯ ತಾರೀಖಿನ ವೇಳೆಗೆ ಹದಿನೇಳು ಸಾವಿರಕ್ಕೂ ಹೆಚ್ಚು ಕಟ್ಟಡಗಳು ಬೂದಿಯಾಗಿದ್ದವು. ಸುಮಾರು 300 ಜನ ಸತ್ತರು. ಸುಮಾರು ಒಂದು ಲಕ್ಷ ಜನಕ್ಕೆ ಸೂರಿಲ್ಲದಂತಾಯಿತು. ನಗರದ ನಡುವೆ ನ್ಯಾಯಾಲಯದ ದೊಡ್ಡ ಕಟ್ಟಡವಿತ್ತು. ಆ ಜಿಲ್ಲೆಯ ಜಮೀನು ಮನೆಗಳ ಕ್ರಯಪತ್ರಗಳು ನೋಂದಣಿಯಾಗಿದ್ದ ಪುಸ್ತಕಗಳೆಲ್ಲ ಇದ್ದದ್ದು ಅಲ್ಲಿ. ಕಲ್ಲಿನ ಕಟ್ಟಡ, ಬೆಂಕಿ ಹತ್ತದೆಂದು ಜನ ನಂಬಿದ್ದರು. ಹತ್ತಿತು. ಅದರ ಗೋಪುರದ ಗಂಟೆ ನಡುರಾತ್ರಿಯ ಮೇಲೆ ಕಳಚಿ ಕೆಳಕ್ಕೆ ಬಿತ್ತು. ನೋಂದಣಿಯ ಪುಸ್ತಕಗಳು ಸುಟ್ಟವು.

ಮರುದಿನದ ಸ್ಥಿತಿಯನ್ನು ವಾಚಕರು ಊಹಿಸಬೇಕು. ನಮ್ಮ ಊರಿನ ಸಬ್‌ರಿಜಿಸ್ಟ್ರಾರ್ ಕಛೇರಿ ಸುಟ್ಟುಹೋಗಿದೆ. ಮನೆಯ ಪೆಟ್ಟಿಗೆಯಲ್ಲಿದ್ದ ಮೂಲಪತ್ರ ಮನೆಯೊಡನೆ ಸುಟ್ಟುಹೋಗಿದೆ. ಮನೆ ನಿಂತಿದ್ದ ಜಾಗವೊಂದು ಮಾತ್ರ ಇದೆ. ಆ ಜಾಗ ನಿನ್ನದೆನ್ನುವುದಕ್ಕೆ ಸಾಕ್ಷಿ ಯಾವುದು? ಸಾಕ್ಷಿಯಿಲ್ಲದೆ ಬ್ಯಾಂಕು ಸಾಲ ಕೊಡದು, ಸಾಲವಿಲ್ಲದೆ ಮನೆ ಏಳದು. ಒಂದು ನಗರದ ಮರುಹುಟ್ಟು ಕಾಗದದ ಮೇಲೆ ನಿಂತಿತ್ತು, ಆ ಕಾಗದ ಬೂದಿಯಾಗಿತ್ತು.

ನಗರವನ್ನು ಉಳಿಸಿದ್ದು ಸರ್ಕಾರವಲ್ಲ, ಮೂರು ಖಾಸಗಿ ವ್ಯಾಪಾರ ಸಂಸ್ಥೆಗಳು. ಚೇಸ್ ಸಹೋದರರು, ಷಾರ್ಟಾಲ್ ಮತ್ತು ಹೋರ್ಡ್, ಜೋನ್ಸ್ ಮತ್ತು ಸೆಲರ್ಸ್ ಎಂಬ ಈ ಮೂವರ ಕಸುಬು ಆಸ್ತಿಗಳ ಪೂರ್ವೋತ್ತರವನ್ನು ಹುಡುಕಿ ಸಾರಸಂಗ್ರಹ ಬರೆದುಕೊಡುವುದು. ಇಂಥ ಜಾಗ ಇಂಥವನಿಂದ ಇಂಥವನಿಗೆ ಇಂಥ ವರ್ಷ ಬಂತು, ಅದರ ಮೇಲೆ ಇಂಥ ಸಾಲವಿದೆ ಎಂದು ನೋಂದಣಿ ಪುಸ್ತಕಗಳಿಂದ ದಿನದಿನವೂ ತೆಗೆದು ತಮ್ಮ ಪುಸ್ತಕಗಳಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಲಾಭಕ್ಕಾಗಿ ಮಾಡಿದ ಕೆಲಸ, ಆದರೂ ಸರ್ಕಾರಿ ದಾಖಲೆಯ ಎರಡನೆಯ ಪ್ರತಿ ಹೀಗೆ ತಾನಾಗಿ ಹುಟ್ಟಿತ್ತು. ಬೆಂಕಿ ಬಂದ ರಾತ್ರಿ ಜಾನ್ ಷಾರ್ಟಾಲ್ ಬೀದಿಯಲ್ಲಿ ಗಾಡಿಯೊಂದನ್ನು ತಡೆದು ನಿಲ್ಲಿಸಿ ತನ್ನ ಪುಸ್ತಕಗಳನ್ನು ಹೇರಿ ಸಾಗಿಸಿದನು. ಉಳಿದವರೂ ತಮ್ಮ ಕೈಲಾದಷ್ಟನ್ನು ಹೊತ್ತು ಓಡಿದರು.

ಮೂವರಲ್ಲಿ ಯಾರೊಬ್ಬರ ಸಂಗ್ರಹವೂ ಪೂರ್ಣವಾಗಿ ಉಳಿಯಲಿಲ್ಲ. ಒಬ್ಬನಲ್ಲಿ ಇಲ್ಲದ್ದು ಇನ್ನೊಬ್ಬನಲ್ಲಿತ್ತು. ಬೆಂಕಿಯ ಹಿಂದಿನ ದಿನದವರೆಗೆ ಪೈಪೋಟಿಗೆ ನಿಂತಿದ್ದವರು ಈಗ ಪುಸ್ತಕಗಳನ್ನು ಒಂದುಗೂಡಿಸಿದರು. ಹಳೆಗನ್ನಡ ಕಾವ್ಯವನ್ನು ಸಂಪಾದಿಸುವವರು ಮೂರು ಊರುಗಳ ಮೂರು ತ್ರುಟಿತ ಓಲೆಪ್ರತಿಗಳನ್ನು ಎದುರಿಗಿಟ್ಟುಕೊಂಡು ಒಂದು ಪಾಠವನ್ನು ಕಟ್ಟುತ್ತಾರಲ್ಲ, ಅದೇ ಕೆಲಸ. 1872ರಲ್ಲಿ ಇಲಿನಾಯ್ ಸಂಸ್ಥಾನ ಸುಟ್ಟ ದಾಖಲೆಗಳಿಗಾಗಿ ಒಂದು ಕಾನೂನು ಮಾಡಿ, ಈ ಸಾರಸಂಗ್ರಹಗಳನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಸ್ವೀಕರಿಸಲು ದಾರಿಮಾಡಿತು. ಮುಂದೆ ಷಿಕಾಗೊದಲ್ಲಿ ಎದ್ದ ಗಗನಚುಂಬಿ ಕಟ್ಟಡಗಳ ತಳಪಾಯದ ಕೆಳಗೆ ಇನ್ನೊಂದು ತಳಪಾಯವಿದೆ. ಅದು ಗಾಡಿಯಲ್ಲಿ ಪಾರಾದ ಆ ಪುಸ್ತಕಗಳು.

ಮೂವತ್ತೈದು ವರ್ಷಗಳ ಮೇಲೆ ಸ್ಯಾನ್ ಫ್ರಾನ್ಸಿಸ್ಕೊ ಇನ್ನೊಂದು ಪಾಠ ಕಲಿಸಿತು. 1906ರ ಏಪ್ರಿಲ್ 18ರ ಬೆಳಗಿನ ಜಾವ ಭೂಮಿ ನಡುಗಿತು. ಹಿಂದೆಯೆ ಹುಟ್ಟಿದ ಬೆಂಕಿ ಮೂರು ನಾಲ್ಕು ದಿನ ಉರಿಯಿತು. ಬ್ಯಾಂಕುಗಳವರು ದಪ್ಪ ಉಕ್ಕಿನ ತಿಜೋರಿಗಳನ್ನು ನಂಬಿದ್ದರು. ತಿಜೋರಿಗಳೇನೋ ನಿಂತವು. ಆದರೆ ಅವನ್ನು ತೆರೆಯುವಂತಿಲ್ಲ. ಒಳಗಿನ ಕಾವು ಆರುವ ಮುನ್ನ ಬಾಗಿಲು ತೆಗೆದರೆ ಗಾಳಿ ಹೊಕ್ಕು ಕಾಗದವೆಲ್ಲ ಭಗ್ಗೆಂದು ಹತ್ತಿಕೊಳ್ಳುವುದು. ಹಣವಿದ್ದೂ, ಲೆಕ್ಕವಿದ್ದೂ, ದಿನಗಟ್ಟಲೆ ಕಾಯಬೇಕಾಯಿತು. ಆ ಹೊತ್ತಿನಲ್ಲಿ ಎ. ಪಿ. ಜಿಯಾನಿನಿ ಎಂಬ ಸಣ್ಣ ಬ್ಯಾಂಕಿನ ಯಜಮಾನ, ಬೆಂಕಿ ತಲಪುವ ಮೊದಲೇ ಹಣವನ್ನೂ ಪುಸ್ತಕಗಳನ್ನೂ ಹಣ್ಣುತರಕಾರಿಯ ಗಾಡಿಯಲ್ಲಿ ಮರೆಮಾಡಿ ಊರಾಚೆಯ ತನ್ನ ಮನೆಗೆ ಸಾಗಿಸಿದ್ದನು. ದೊಡ್ಡ ಬ್ಯಾಂಕುಗಳು ತಿಜೋರಿ ತಣ್ಣಗಾಗುವುದನ್ನು ಕಾಯುತ್ತಿದ್ದಾಗ ಇವನು ಮನೆ ಕಟ್ಟುವವರಿಗೆ ಸಾಲ ಕೊಡುತ್ತಿದ್ದನು. ಅವನ ಬ್ಯಾಂಕೇ ಬೆಳೆದು ಮುಂದೆ ಬ್ಯಾಂಕ್ ಆಫ್ ಅಮೆರಿಕ ಆಯಿತು. ಬರಹ ಉಳಿದರಷ್ಟೇ ಸಾಲದು, ಬೇಕಾದ ಹೊತ್ತಿಗೆ ಕೈಗೆ ಬರಬೇಕು ಎಂಬುದು ಇಲ್ಲಿಯ ನೀತಿ.

ಅದೇ ಬೆಂಕಿಯಲ್ಲಿ ನಗರದ ಜನನ ದಾಖಲೆಗಳೂ ಸುಟ್ಟವು. ಚೀನೀಯರು ವಲಸೆ ಬರುವುದನ್ನು ಅಮೆರಿಕ 1882ರ ಕಾನೂನಿನಿಂದ ತಡೆದಿತ್ತು. ದಾಖಲೆ ಸುಟ್ಟ ಮೇಲೆ ಎಷ್ಟೋ ಮಂದಿ ಚೀನೀಯರು ತಾವು ಅಲ್ಲಿಯೇ ಹುಟ್ಟಿದವರೆಂದು ಹೇಳಿ ಪೌರತ್ವ ಪಡೆದರು. ‘ಕಾಗದದ ಮಕ್ಕಳು’ ಎಂಬ ಹೆಸರಿನಲ್ಲಿ ಬೇರೆಯವರನ್ನೂ ಕರೆಸಿಕೊಂಡರು. ಒಬ್ಬರಿಗೆ ಹಾನಿಯಾದ ಬೂದಿ ಇನ್ನೊಬ್ಬರಿಗೆ ಬಾಗಿಲಾಯಿತು. ದಾಖಲೆ ಎಂದರೆ ಬರಿಯ ಲೆಕ್ಕವಲ್ಲ, ಅಧಿಕಾರ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಎರಡನೆಯ ಮಹಾಯುದ್ಧ ಮುಗಿದು ಅಣುಬಾಂಬಿನ ಭಯ ಹಬ್ಬಿದಾಗ ವರ್ತಕರ ಚಿಂತೆ ಇಡೀ ನಗರದ ಅಳತೆಗೆ ಬೆಳೆಯಿತು. ನ್ಯೂಯಾರ್ಕ್ ಸಂಸ್ಥಾನದಲ್ಲಿ ಹರ್ಮನ್ ಕ್ನೌಸ್ಟ್ ಎಂಬಾತ ಅಣಬೆ ಬೆಳೆಯುವುದಕ್ಕೆಂದು 1936ರಲ್ಲಿ ಬರಿದಾದ ಕಬ್ಬಿಣದ ಗಣಿಯೊಂದನ್ನು ಕೊಂಡಿದ್ದನು. ಅಣಬೆಯ ವ್ಯಾಪಾರ ಇಳಿಮುಖವಾಯಿತು. 1951ರಲ್ಲಿ ಅದೇ ಗಣಿಯನ್ನು ಕಂಪೆನಿಗಳ ದಾಖಲೆ ಕಾಪಾಡುವ ಉಗ್ರಾಣವನ್ನಾಗಿ ಮಾಡಿದನು. ಮೊದಲ ಗಿರಾಕಿ ಒಂದು ಉಳಿತಾಯದ ಬ್ಯಾಂಕು. ಠೇವಣಿದಾರರ ಲೆಕ್ಕಗಳನ್ನೂ ಸಹಿಯ ಚೀಟಿಗಳನ್ನೂ ಸಣ್ಣ ಫಿಲ್ಮಿಗೆ ಇಳಿಸಿ ಆ ಗುಹೆಯಲ್ಲಿಟ್ಟಿತು. ಪ್ರತಿಯನ್ನು ಮೂಲದಿಂದ ದೂರವಿಡಬೇಕೆಂಬ ತತ್ತ್ವ ಹೀಗೆ ಒಂದು ಉದ್ಯಮವಾಯಿತು. ಕಂಪ್ಯೂಟರ್ ಬಂದ ಮೇಲೆ ಫಿಲ್ಮಿನ ಜಾಗಕ್ಕೆ ಅಯಸ್ಕಾಂತದ ಟೇಪು ಬಂತು. 1970ರ ದಶಕ ಮುಗಿಯುವ ವೇಳೆಗೆ ಫಿಲಡೆಲ್ಫಿಯಾದಲ್ಲಿ, ಟೇಪು ಮಾತ್ರವಲ್ಲ, ಅದನ್ನು ಓದುವ ಕಂಪ್ಯೂಟರನ್ನೂ ಬೇರೆ ಕಡೆ ಸಿದ್ಧವಾಗಿಟ್ಟುಕೊಂಡು ಬಾಡಿಗೆಗೆ ಕೊಡುವ ವ್ಯವಸ್ಥೆ ಮೊದಲಾಯಿತು.

ಇಷ್ಟೆಲ್ಲ ಎಚ್ಚರಿಕೆ ಮಾಡಿಕೊಂಡಿದ್ದ ಸಂಸ್ಥೆಯ ಮೇಲೂ ಏನು ಬೀಳಬಹುದೆಂದು 2001ರ ಸೆಪ್ಟೆಂಬರ್ 11 ತೋರಿಸಿತು. ಸರ್ಕಾರಿ ಸಾಲಪತ್ರಗಳ ವ್ಯಾಪಾರ ನಡೆಸುತ್ತಿದ್ದ ಕ್ಯಾಂಟರ್ ಫಿಟ್ಸ್‌ಜೆರಾಲ್ಡ್ ಎಂಬ ಸಂಸ್ಥೆ ನ್ಯೂಯಾರ್ಕಿನ ಅವಳಿ ಗೋಪುರಗಳಲ್ಲಿ ಉತ್ತರದ ಗೋಪುರದ 101ರಿಂದ 105ನೆಯ ಅಂತಸ್ತಿನವರೆಗೆ ಇತ್ತು. ಆ ಬೆಳಿಗ್ಗೆ ಕಛೇರಿಗೆ ಬಂದಿದ್ದ 658 ಜನ ನೌಕರರಲ್ಲಿ ಒಬ್ಬರೂ ಉಳಿಯಲಿಲ್ಲ. ಸಂಸ್ಥೆಯ ಮುಖ್ಯಸ್ಥ ಹೊವರ್ಡ್ ಲಟ್ನಿಕ್ ಮಗನನ್ನು ಶಾಲೆಗೆ ಮೊದಲ ದಿನ ಬಿಡಲು ಹೋಗಿದ್ದುದರಿಂದ ಬದುಕಿದನು. ಅವನ ತಮ್ಮ ಸತ್ತವರಲ್ಲಿ ಒಬ್ಬ.

ಸಂಸ್ಥೆಯ ಲೆಕ್ಕಗಳ ಪ್ರತಿ ನ್ಯೂಜೆರ್ಸಿಯಲ್ಲಿಯೂ ಲಂಡನ್ನಿನಲ್ಲಿಯೂ ಭದ್ರವಾಗಿತ್ತು. ಆದರೆ ಬೀಗದ ಕೈ? ಗುಪ್ತಪದಗಳು ಇದ್ದದ್ದು ಮನುಷ್ಯರ ನೆನಪಿನಲ್ಲಿ, ಆ ಮನುಷ್ಯರು ಇರಲಿಲ್ಲ. ಮೈಕ್ರೋಸಾಫ್ಟ್ ಕಂಪೆನಿಯ ತಜ್ಞರು ಬಂದರು. ಗುಪ್ತಪದವನ್ನು ಊಹಿಸಲು ಸತ್ತವರ ಬದುಕಿನ ಸಣ್ಣಪುಟ್ಟ ವಿವರಗಳು ಬೇಕಾದವು: ಮದುವೆಯ ದಿನ ಯಾವುದು, ಓದಿದ ಕಾಲೇಜು ಯಾವುದು, ಸಾಕಿದ ನಾಯಿಯ ಹೆಸರೇನು. ಇದನ್ನೆಲ್ಲ ಹೇಳಬಲ್ಲವರು ಮನೆಯವರು ಮಾತ್ರ. ಗಂಡನ ಶವವೂ ಸಿಕ್ಕದಿದ್ದ ಹೆಂಗಸರಿಗೆ ಮುಖ್ಯಸ್ಥನೇ ಟೆಲಿಫೋನ್ ಮಾಡಿ ಈ ಪ್ರಶ್ನೆಗಳನ್ನು ಕೇಳಬೇಕಾಯಿತು. ಕೇಳದೆ ವಿಧಿಯಿರಲಿಲ್ಲ. ಸಂಸ್ಥೆ ನಿಂತರಲ್ಲವೆ ಆ ಮನೆಗಳಿಗೆ ನೆರವು? 13ರಂದು ಸಾಲಪತ್ರಗಳ ಪೇಟೆ ತೆರೆದಾಗ ಕ್ಯಾಂಟರ್ ಅಲ್ಲಿತ್ತು. ವ್ಯವಹಾರದ ನೆನಪಿಗೆ ಪ್ರತಿ ಮಾಡಿಡಬಹುದು. ಅದನ್ನು ತೆರೆಯಬಲ್ಲ ತಿಳಿವಳಿಕೆ ಒಬ್ಬನ ತಲೆಯಲ್ಲಿ ಮಾತ್ರ ಇರಬಾರದು ಎಂಬುದನ್ನು ಇದಕ್ಕಿಂತ ಕಠಿನವಾಗಿ ಯಾರೂ ಕಲಿತಿರಲಾರರು.

ಇನ್ನೊಂದು ಕಥೆ 2017ರದು. ಆಗ ಹಡಗಿನ ಸರಕು ಸಾಗಣೆಯಲ್ಲಿ ಜಗತ್ತಿಗೇ ದೊಡ್ಡದಾಗಿದ್ದ ಡೆನ್ಮಾರ್ಕಿನ ಮಾರ್ಸ್ಕ್ ಕಂಪೆನಿಯ ಕಂಪ್ಯೂಟರುಗಳು ಜೂನ್ 27ರಂದು ಒಂದೊಂದಾಗಿ ಕಪ್ಪಾದವು. ಉಕ್ರೇನ್ ದೇಶದ ಲೆಕ್ಕಪತ್ರದ ತಂತ್ರಾಂಶವೊಂದರ ಮೂಲಕ ನಾಟ್‌ಪೆಟ್ಯ ಎಂಬ ಹಾಳುಬೀಜ ಒಳಹೊಕ್ಕಿತ್ತು. ಹಣ ಕೊಟ್ಟರೆ ಬರಹ ಹಿಂದಿರುಗಿಸುವೆನೆಂದು ಅದು ಹೇಳುತ್ತಿತ್ತು. ನಿಜವಾಗಿ ಹಿಂದಿರುಗಿಸುವ ಬಗೆಯೇ ಅದರಲ್ಲಿರಲಿಲ್ಲ. ಬಂದರುಗಳ ಬಾಗಿಲಲ್ಲಿ ಲಾರಿಗಳು ಸಾಲುಗಟ್ಟಿದವು. ನಮ್ಮ ಮುಂಬಯಿಯ ಹತ್ತಿರದ ಜವಾಹರಲಾಲ್ ನೆಹರೂ ಬಂದರಿನಲ್ಲಿಯೂ ಆ ಕಂಪೆನಿಯ ಕಟ್ಟೆಯ ಕೆಲಸ ಕೆಟ್ಟಿತು.

ಮಾರ್ಸ್ಕ್ ಪ್ರತಿಗಳನ್ನು ಇಟ್ಟಿರಲಿಲ್ಲವೆ? ಇಟ್ಟಿತ್ತು. ಬಿಡಿಬಿಡಿ ಕಂಪ್ಯೂಟರುಗಳ ಕೆಲವು ದಿನ ಹಿಂದಿನ ಪ್ರತಿಗಳು ದೊರೆತವು. ಆದರೆ ಯಾರು ಒಳಬರಬಹುದು, ಯಾರಿಗೆ ಯಾವ ಅಧಿಕಾರ ಎಂದು ಹೇಳುವ ಮೂಲಪಟ್ಟಿ ಸಿಕ್ಕಲಿಲ್ಲ. ಅದಿಲ್ಲದೆ ಉಳಿದದ್ದೆಲ್ಲ ವ್ಯರ್ಥ. ಆ ಪಟ್ಟಿ ಲೋಕದ ನಾನಾ ಕಡೆ ಸುಮಾರು 150 ಯಂತ್ರಗಳಲ್ಲಿತ್ತು. ಅವು ಒಂದನ್ನೊಂದು ನೋಡಿ ಸದಾ ಸರಿಪಡಿಸಿಕೊಳ್ಳುತ್ತಿದ್ದವು. ಒಂದು ಹೋದರೆ 149 ಉಳಿದಾವೆಂದು ಲೆಕ್ಕ. ಎಲ್ಲವೂ ಒಟ್ಟಿಗೆ ಹೋಗಬಹುದೆಂದು ಯಾರೂ ಎಣಿಸಿರಲಿಲ್ಲ.

ಕನ್ನಡಿಗೂ ಪ್ರತಿಗೂ ಇರುವ ಅಂತರ ಇಲ್ಲಿದೆ. ಕನ್ನಡಿ ಮುಖವನ್ನು ಇದ್ದಂತೆ ತೋರಿಸುತ್ತದೆ. ಮುಖಕ್ಕೆ ಮಸಿ ಬಿದ್ದರೆ ಕನ್ನಡಿಯಲ್ಲಿಯೂ ಮಸಿಯೆ. ಪ್ರತಿ ಎಂಬುದು ನಿನ್ನೆಯ ಮುಖವನ್ನು ನಿನ್ನೆ ಬರೆದಿಟ್ಟದ್ದು. ಇಂದಿನ ಮಸಿ ಅದನ್ನು ಮುಟ್ಟಲಾರದು. ಲಿಪಿಕಾರನ ತಪ್ಪು ಹಬ್ಬುವ ಬಗೆ ಗ್ರಂಥಸಂಪಾದಕರಿಗೆ ಗೊತ್ತು. ತಪ್ಪಿರುವ ಓಲೆಯಿಂದ ನೂರು ಪ್ರತಿ ಎತ್ತಿದರೆ ನೂರರಲ್ಲಿಯೂ ಅದೇ ತಪ್ಪು. ಆದ್ದರಿಂದಲೇ ಅವರು ಪ್ರತಿಗಳ ಸಂಖ್ಯೆಯನ್ನು ನೋಡುವುದಿಲ್ಲ, ಬೇರೆ ಶಾಖೆಯ ಒಂದೇ ಒಂದು ಪ್ರತಿಗಾಗಿ ಊರೂರು ಅಲೆಯುತ್ತಾರೆ.

ಮಾರ್ಸ್ಕಿನವರೂ ಅಲೆದರು. ಕೊನೆಗೆ ಆಫ್ರಿಕದ ಘಾನಾದಲ್ಲಿ ಒಂದು ಯಂತ್ರ ಸಿಕ್ಕಿತು. ಅನಾಹುತದ ಹೊತ್ತಿಗೆ ಅಲ್ಲಿ ಕರೆಂಟು ಹೋಗಿದ್ದುದರಿಂದ ಆ ಯಂತ್ರ ಉಳಿದವುಗಳ ಸಂಪರ್ಕದಿಂದ ಕಡಿದುಹೋಗಿ, ಹಾಗೆಯೆ ಉಳಿದಿತ್ತು. ತಂತಿಯ ಮೂಲಕ ಅದರ ಬರಹವನ್ನು ಇಂಗ್ಲೆಂಡಿಗೆ ಕಳಿಸೋಣವೆಂದರೆ ವೇಗ ಸಾಲದು. ಮನುಷ್ಯರ ಕೈಯಲ್ಲಿ ಕಳಿಸೋಣವೆಂದರೆ ಅಲ್ಲಿಯ ನೌಕರರಲ್ಲಿ ಯಾರಿಗೂ ಇಂಗ್ಲೆಂಡಿನ ವೀಸಾ ಇಲ್ಲ. ಕಡೆಗೆ ಒಬ್ಬನು ಅದನ್ನು ನೈಜೀರಿಯದ ವಿಮಾನ ನಿಲ್ದಾಣಕ್ಕೆ ಒಯ್ದು ವೀಸಾ ಇದ್ದ ಇನ್ನೊಬ್ಬನ ಕೈಗಿಟ್ಟನು; ಅವನು ಲಂಡನ್ನಿಗೆ ಹಾರಿದನು. ಹತ್ತು ದಿನಗಳಲ್ಲಿ 4,000 ಸರ್ವರುಗಳನ್ನೂ 45,000 ಮೇಜಿನ ಕಂಪ್ಯೂಟರುಗಳನ್ನೂ ಹೊಸದಾಗಿ ಹೂಡಿದೆವೆಂದು ಕಂಪೆನಿಯ ಆಗಿನ ಅಧ್ಯಕ್ಷರು 2018ರ ಜನವರಿಯಲ್ಲಿ ದಾವೋಸಿನ ಸಭೆಯಲ್ಲಿ ಹೇಳಿದರು. ನಷ್ಟ 25ರಿಂದ 30 ಕೋಟಿ ಡಾಲರುಗಳವರೆಗೆ ಎಂದು ಕಂಪೆನಿಯೇ ಅಂದಾಜು ಮಾಡಿತು. ಕರೆಂಟು ಹೋದದ್ದನ್ನು ಅದೃಷ್ಟವೆಂದು ಎಣಿಸಿದ ವ್ಯಾಪಾರಿಗಳು ಲೋಕದಲ್ಲಿ ಇವರೊಬ್ಬರೇ ಇದ್ದಾರು. ಆದರೆ ಅದೃಷ್ಟ ಏರ್ಪಾಟಲ್ಲ.

ಇಷ್ಟಾದ ಮೇಲೂ ಹಳೆಯ ಪಾಠಗಳು ಮರೆಯುತ್ತಲೇ ಇವೆ. 2017ರ ಜನವರಿಯಲ್ಲಿ ಗಿಟ್‌ಲ್ಯಾಬ್ ಎಂಬ ಕಂಪೆನಿಯಲ್ಲಿ ಕೈತಪ್ಪಿ ಬರಹ ಅಳಿಸಿಹೋದಾಗ, ಇದ್ದ ಐದು ಬಗೆಯ ರಕ್ಷಣೆಗಳಲ್ಲಿ ಒಂದೂ ನೆಚ್ಚುವಂತಿರಲಿಲ್ಲವೆಂದು ಅವರೇ ಒಪ್ಪಿಕೊಂಡರು. ಆರು ಗಂಟೆ ಮುಂಚೆ ಒಬ್ಬ ನೌಕರ ಬೇರೆ ಕೆಲಸಕ್ಕೆಂದು ತೆಗೆದಿಟ್ಟ ಪ್ರತಿಯಿಂದ ಪಾರಾದರು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಕಂಪೆನಿಯ ಕಂಪ್ಯೂಟರ್ ಭವನ ಸುಟ್ಟಾಗ, ಕೆಲವು ಗಿರಾಕಿಗಳ ಮೂಲವೂ ಪ್ರತಿಯೂ ಅದೇ ಆವರಣದಲ್ಲಿ ಬೆಂದವು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯದ ದೇಜಾನ್ ನಗರದ ಸರ್ಕಾರಿ ಕೇಂದ್ರದಲ್ಲಿ ಬ್ಯಾಟರಿಯಿಂದ ಬೆಂಕಿ ಹತ್ತಿ, ಅಧಿಕಾರಿಗಳು ಕಡತಗಳನ್ನಿಡುತ್ತಿದ್ದ 858 ಟೆರಾಬೈಟುಗಳ ಉಗ್ರಾಣ ನಾಶವಾಯಿತು. ಬಹಳ ದೊಡ್ಡದೆಂಬ ಕಾರಣದಿಂದ ಅದಕ್ಕೆ ಹೊರಗೆ ಪ್ರತಿಯಿರಲಿಲ್ಲ. ಷಿಕಾಗೊದ ನ್ಯಾಯಾಲಯ ಸುಟ್ಟು ಆಗ ನೂರೈವತ್ತು ವರ್ಷ ಕಳೆದಿತ್ತು.

ಇದೆಲ್ಲ ದೊಡ್ಡವರ ಕಥೆ, ನಮಗೇನು ಎನ್ನುವಂತಿಲ್ಲ. ಇಂದು ತಾಲ್ಲೂಕು ಊರಿನ ಔಷಧದ ಅಂಗಡಿ, ಸಹಕಾರ ಸಂಘ, ಅಡಕೆ ಮಂಡಿ ಎಲ್ಲದರ ಲೆಕ್ಕವೂ ಕಂಪ್ಯೂಟರಿನಲ್ಲಿದೆ. ಎಷ್ಟೋ ಕಡೆ ಒಂದೇ ಕಂಪ್ಯೂಟರಿನಲ್ಲಿ. ತಿಳಿದವರು ಮೂರು-ಎರಡು-ಒಂದು ಎಂಬ ಸೂತ್ರ ಹೇಳುತ್ತಾರೆ: ಬರಹದ ಪ್ರತಿ ಮೂರಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದಾದರೂ ಬೇರೆ ಊರಿನಲ್ಲಿರಲಿ. ಇದಕ್ಕೆ ಚರಿತ್ರೆ ಕಲಿಸಿದ ಎರಡು ಮಾತನ್ನು ಸೇರಿಸಬೇಕು. ಒಂದು, ಒಂದು ಪ್ರತಿಯಾದರೂ ಯಂತ್ರದಿಂದ ಕಡಿದು ಬೇರೆಯಾಗಿರಬೇಕು. ಘಾನಾದಲ್ಲಿ ಕತ್ತಲೆ ಮಾಡಿದ್ದನ್ನು ನಾವೇ ಬುದ್ಧಿಪೂರ್ವಕವಾಗಿ ಮಾಡಬೇಕು. ಇನ್ನೊಂದು, ಆ ಪ್ರತಿಯನ್ನು ಆಗಾಗ ತೆರೆದು ಓದಿ ನೋಡಬೇಕು. ಓದಲಾಗದ ಓಲೆ ಗ್ರಂಥವಲ್ಲ, ಸೌದೆ.

ಯೋಜನೆಯೆಂಬುದು ಮೊದಲಾಗುವುದು ಎರಡು ಪ್ರಶ್ನೆಗಳಿಂದ. ಎಷ್ಟು ಹೊತ್ತಿನ ಬರಹ ಕಳೆದರೆ ನನ್ನ ವ್ಯಾಪಾರ ತಾಳಬಲ್ಲದು? ಎಷ್ಟು ದಿನ ಬಾಗಿಲು ಮುಚ್ಚಿದರೆ ತಾಳಬಲ್ಲದು? ಔಷಧದ ಅಂಗಡಿಯ ಉತ್ತರ ಬೇರೆ, ಮಂಡಿಯ ಉತ್ತರ ಬೇರೆ. ಉತ್ತರ ತಿಳಿದ ಮೇಲೆ, ಅನಾಹುತವಾದ ದಿನ ಯಾರು ಏನು ಮಾಡಬೇಕು, ಯಾರಿಗೆ ಹೇಳಿ ಕಳಿಸಬೇಕು, ಬೀಗದ ಕೈ ಯಾರ ಬಳಿ ಎಂಬುದನ್ನು ಒಂದು ಹಾಳೆಯಲ್ಲಿ ಮಸಿಯಿಂದ ಬರೆದು ಇಬ್ಬರು ನಂಬಿಕಸ್ಥರ ಮನೆಯಲ್ಲಿ ಇಡಬೇಕು. ಆ ಹಾಳೆ ಕಂಪ್ಯೂಟರಿನ ಒಳಗೇ ಇದ್ದರೆ ಪ್ರಯೋಜನವಿಲ್ಲ.

ಕೆಡುಕನ್ನು ಬಾಯಲ್ಲಿ ಆಡಬಾರದೆಂಬ ಸಂಕೋಚ ನಮ್ಮಲ್ಲಿ ಉಂಟು. ಅಂಗಡಿಗೆ ಬೆಂಕಿ ಬಿದ್ದರೆ ಎಂದು ಯಜಮಾನನ ಎದುರಿಗೆ ಹೇಳುವ ಗುಮಾಸ್ತನಿಗೆ ಗದರಿಕೆಯೇ ಸಿಕ್ಕೀತು. ಆದರೆ ಷಾರ್ಟಾಲನ ಗಾಡಿಯಲ್ಲಿ ಹೋದದ್ದು ಅವನೊಬ್ಬನ ಆಸ್ತಿಯಲ್ಲ, ಊರವರ ಮನೆಗಳ ಹಕ್ಕು. ಸಹಕಾರ ಸಂಘದ ಪುಸ್ತಕದಲ್ಲಿರುವುದೂ ಸಂಘದ ಹಣವಲ್ಲ, ಹಾಲು ಹಾಕಿದ ಹೆಂಗಸರ ಹಣ. ನೂರು ಜನರ ನೆನಪನ್ನು ಕೈಯಲ್ಲಿಟ್ಟುಕೊಂಡವನು ಅದಕ್ಕೊಂದು ಎರಡನೆಯ ಪ್ರತಿ ಮಾಡಿಡುವುದು ಅಪಶಕುನವಲ್ಲ, ಋಣ.